ಕೈಯಲ್ಲಿದ್ದೂ ಇಲ್ಲದ ಪುಸ್ತಕ

(ಬಾನುಲಿ ಭಾಷಣ)

ಈಗಿನ ಕಾಲೇಜು ವಿದ್ಯಾರ್ಥಿಗಳು ಓದುವುದಿಲ್ಲವೆಂಬ ಮಾತು ನಮ್ಮಲ್ಲಿ ಎಷ್ಟು ಸಲೀಸಾಗಿ ಕೇಳಿಬರುತ್ತದೆಯೆಂದರೆ, ಅದನ್ನು ಪರೀಕ್ಷಿಸಿ ನೋಡಬೇಕೆಂದು ಯಾರಿಗೂ ತೋರುವುದಿಲ್ಲ. ಮದುವೆಯ ಚಪ್ಪರದಲ್ಲಿ, ಬಸ್ಸು ನಿಲ್ದಾಣದಲ್ಲಿ, ನನ್ನಂಥ ನಿವೃತ್ತ ಅಧ್ಯಾಪಕರು ಕೂಡಿದಲ್ಲಿ ಅದು ಬಂದೇ ಬರುತ್ತದೆ. ಅದರ ಬೆನ್ನಿಗೇ ಇನ್ನೊಂದು ಮಾತು: ‘ಅವರಿಗೇನು ಕಡಿಮೆ? ಇಡೀ ಗ್ರಂಥಭಂಡಾರವೇ ಮೊಬೈಲಿನಲ್ಲಿದೆ, ಮನಸ್ಸಿದ್ದರೆ ಓದಿಯಾರು.’ ಮೊದಲನೆಯದು ದೂರು, ಎರಡನೆಯದು ಸಮಾಧಾನ. ಇವೆರಡರ ನಡುವೆ ನಮ್ಮ ಹುಡುಗ ಹುಡುಗಿಯರು ನಿಜವಾಗಿ ಏನನ್ನು ಓದುತ್ತಾರೆ, ಯಾವುದರಲ್ಲಿ ಓದುತ್ತಾರೆ, ಹಾಗೆ ಓದುವಾಗ ಅವರ ಮನಸ್ಸಿಗೆ ಏನೆನ್ನಿಸುತ್ತದೆ ಎಂಬ ಪ್ರಶ್ನೆ ಹಾಗೆಯೇ ಉಳಿದುಬಿಡುತ್ತದೆ. ಮೂವತ್ತು ವರ್ಷಕ್ಕೂ ಮಿಕ್ಕು ಕನ್ನಡ ಪಾಠ ಹೇಳಿದ ನನಗೂ ಬಹುಕಾಲ ಆ ಪ್ರಶ್ನೆ ಹೊಳೆದಿರಲಿಲ್ಲ. ಹೊಳೆದ ಬಗೆಯನ್ನೂ, ಅದರಿಂದ ನಾನು ಕಲಿತದ್ದನ್ನೂ ಇಂದು ನಿಮ್ಮೊಡನೆ ಹಂಚಿಕೊಳ್ಳಬೇಕೆಂದಿದ್ದೇನೆ.

ನಾನು ಹೇಳುವ ಸೀಮೆ ದೊಡ್ಡದಲ್ಲ. ಪುತ್ತೂರು, ಸುಳ್ಯ, ಈಚೆಗೆ ಪ್ರತ್ಯೇಕ ತಾಲ್ಲೂಕಾದ ಕಡಬ—ದಕ್ಷಿಣ ಕನ್ನಡದ ಈ ಒಳನಾಡು ಅಡಿಕೆ, ರಬ್ಬರು, ಕಾಡು, ಹೊಳೆಗಳ ನಾಡು. ೧೯೫೮ರಲ್ಲಿ ಪುತ್ತೂರಿನಲ್ಲಿ ಸಂತ ಫಿಲೋಮಿನಾ ಕಾಲೇಜು, ೧೯೬೫ರಲ್ಲಿ ವಿವೇಕಾನಂದ ಕಾಲೇಜು, ೧೯೭೬ರಲ್ಲಿ ಸುಳ್ಯದಲ್ಲಿ ಕುರುಂಜಿ ವೆಂಕಟರಮಣ ಗೌಡರ ಶ್ರಮದಿಂದ ನೆಹರು ಮೆಮೋರಿಯಲ್ ಕಾಲೇಜು ಆರಂಭವಾದವು. ಘಟ್ಟದ ಬುಡದ ಹಳ್ಳಿಗಳಿಂದ ಬಸ್ಸು ಹಿಡಿದು, ಬಸ್ಸಿಗೆ ಮೊದಲು ಮೈಲುಗಟ್ಟಲೆ ನಡೆದು ಬರುವ ಮಕ್ಕಳಿಗೆ ಪದವಿ ಶಿಕ್ಷಣ ಎಟುಕುವಂತಾದದ್ದು ಇಂಥ ಕಾಲೇಜುಗಳಿಂದ, ಅವುಗಳ ತರುವಾಯ ಬಂದ ಸರಕಾರಿ ಕಾಲೇಜುಗಳಿಂದ.

ಈ ಮಕ್ಕಳ ಮನೆಮಾತು ಯಾವುದು? ಕೆಲವರದು ತುಳು, ಕೆಲವರದು ಅರೆಭಾಷೆ, ಇನ್ನು ಕೆಲವರದು ಹವ್ಯಕ ಕನ್ನಡ, ಬ್ಯಾರಿ, ಕೊಂಕಣಿ, ಮಲಯಾಳ, ಮರಾಠಿ. ೧೯೬೪ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದಂತೆ ಶ್ರೀಲಂಕೆಯಿಂದ ಬಂದು ಇಲ್ಲಿನ ರಬ್ಬರು ತೋಟಗಳಲ್ಲಿ ನೆಲೆನಿಂತ ಕುಟುಂಬಗಳ ಮಕ್ಕಳು ಮನೆಯಲ್ಲಿ ಆಡುವುದು ತಮಿಳು. ಕನ್ನಡ ಇವರಲ್ಲಿ ಅನೇಕರಿಗೆ ಅಡುಗೆಮನೆಯಿಂದ ಬಂದದ್ದಲ್ಲ; ಶಾಲೆಯಿಂದ, ಯಕ್ಷಗಾನದ ಬಯಲಿನಿಂದ, ಎಲ್ಲಕ್ಕಿಂತ ಹೆಚ್ಚಾಗಿ ಪಠ್ಯಪುಸ್ತಕದಿಂದ ಬಂದದ್ದು. ನಮ್ಮವರು ಪುಸ್ತಕದ ಕನ್ನಡವಾಡುತ್ತಾರೆಂದು ಘಟ್ಟದ ಮೇಲಿನವರು ನಗುವುದುಂಟು. ನಗಲಿ, ಮಾತು ಸುಳ್ಳಲ್ಲ. ಆದರೆ ಅದರೊಳಗಿನ ಅರ್ಥವನ್ನು ನಾವು ಗಮನಿಸಬೇಕು. ಬೇರೆ ಕಡೆಯ ವಿದ್ಯಾರ್ಥಿಗೆ ಕನ್ನಡ ಪುಸ್ತಕ ಕೆಟ್ಟರೆ ಪರೀಕ್ಷೆಯೊಂದು ಕೆಟ್ಟೀತು. ನಮ್ಮ ವಿದ್ಯಾರ್ಥಿಗೆ ಪುಸ್ತಕ ಕೆಟ್ಟರೆ ಕನ್ನಡವೇ ಕೆಟ್ಟೀತು. ಆದಕಾರಣ ಆ ಪುಸ್ತಕ ಕಾಗದದಿಂದ ಗಾಜಿನ ಮೇಲಕ್ಕೆ ಹೋಗುವಾಗ ಏನಾಗುತ್ತದೆಂಬುದು ನಮಗೆ ಬರಿಯ ಕುತೂಹಲದ ವಿಷಯವಲ್ಲ.

ಸುಮಾರು ೨೦೧೬ರ ಮಾತು. ಮೊಬೈಲು ಫೋನಿನಲ್ಲಿ ಅಗ್ಗದ ಅಂತರಜಾಲ ಆಗಷ್ಟೇ ಬಂದಿತ್ತು. ನಾನು ತರಗತಿಯಲ್ಲಿ ಹಳಗನ್ನಡದ ಪದ್ಯಭಾಗವೊಂದನ್ನು ಹೇಳುತ್ತಿದ್ದೆ. ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗ ತಲೆ ತಗ್ಗಿಸಿ, ಮೇಜಿನ ಕೆಳಗೆ ಮೊಬೈಲನ್ನು ನೋಡುತ್ತಿದ್ದ. ನನಗೆ ರೇಗಿತು. ಹತ್ತಿರ ಹೋಗಿ, ಒಂದು ಮಾತನ್ನೂ ಕೇಳದೆ ಅದನ್ನು ಕಿತ್ತುಕೊಂಡು ನನ್ನ ಮೇಜಿನ ಮೇಲೆ ಕವುಚಿಹಾಕಿದೆ; ಮುಂದೆ ಹತ್ತು ನಿಮಿಷ ಏಕಾಗ್ರತೆಯ ಮೇಲೆ ಉಪದೇಶವನ್ನೂ ಮಾಡಿದೆ. ಹುಡುಗ ಎದುರು ನುಡಿಯಲಿಲ್ಲ. ಗಂಟೆ ಹೊಡೆದ ಮೇಲೆ ಬಂದು ನಿಂತ. ಮೊಬೈಲನ್ನು ಹಿಂದಿರುಗಿಸಲೆಂದು ತಿರುಗಿಸಿದರೆ ಅದರಲ್ಲಿದ್ದುದು ನಾನು ಹೇಳುತ್ತಿದ್ದ ಪದ್ಯವೇ. ಗ್ರಂಥಾಲಯದ ಪ್ರತಿಯ ಪುಟಗಳನ್ನು ಒಂದೊಂದಾಗಿ ಚಿತ್ರ ತೆಗೆದುಕೊಂಡಿದ್ದ. ‘ಪುಸ್ತಕ ಕೊಳ್ಳಲಿಲ್ಲವೇನಯ್ಯ?’ ಎಂದೆ. ‘ಮಳೆಗಾಲದಲ್ಲಿ ಟ್ಯಾಪಿಂಗ್ ಇಲ್ಲ ಸರ್. ಮಳೆ ಬಿಟ್ಟ ಮೇಲೆ ತಗೊಳ್ತೇನೆ’ ಎಂದ. ಅವನ ತಂದೆ ರಬ್ಬರು ತೋಟದ ಕೂಲಿಯಾಳು. ಮಳೆ ಹಿಡಿದರೆ ಹಾಲು ತೆಗೆಯುವ ಕೆಲಸ ನಿಲ್ಲುತ್ತದೆ, ಸಂಬಳ ನಿಲ್ಲುತ್ತದೆ. ನಾನು ಆ ದಿನ ಕಿತ್ತುಕೊಂಡದ್ದು ಆಟದ ಸಾಮಾನನ್ನಲ್ಲ, ಅವನ ಪಠ್ಯಪುಸ್ತಕವನ್ನು. ಉಳಿದ ಅರ್ಧಗಂಟೆ ಅವನು ಪುಸ್ತಕವಿಲ್ಲದೆ ಕುಳಿತಿದ್ದ, ಮತ್ತು ಅವನಿಗೆ ನಾನು ಏಕಾಗ್ರತೆಯನ್ನು ಬೋಧಿಸಿದ್ದೆ.

ಮರುದಿನ ತರಗತಿಯಲ್ಲಿ ಎಲ್ಲರೆದುರು ತಪ್ಪೊಪ್ಪಿಕೊಂಡೆ. ಆ ಮೇಲಿನಿಂದ ಮೊಬೈಲು ಹಿಡಿದ ವಿದ್ಯಾರ್ಥಿಯನ್ನು ಕಂಡರೆ ಗದರುವ ಬದಲು ಕೇಳುವ ಅಭ್ಯಾಸವಾಯಿತು: ‘ಏನು ಓದುತ್ತಿದ್ದೀ?’ ಈ ಒಂದು ಪ್ರಶ್ನೆ ನನಗೆ ಅನೇಕ ಉತ್ತರಗಳನ್ನು ತಂದುಕೊಟ್ಟಿತು.

ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಆ ಹುಡುಗ ಬಡತನದಿಂದ ಮಾಡಿದ್ದನ್ನು ಇಡೀ ನಾಡು ನಿರ್ಬಂಧದಿಂದ ಮಾಡಬೇಕಾಯಿತು. ೨೦೨೦ರ ಮಾರ್ಚಿನಲ್ಲಿ ಕೋವಿಡ್ ಕಾರಣದಿಂದ ಕಾಲೇಜುಗಳು ಮುಚ್ಚಿದವು. ಪಾಠವೂ ಪುಸ್ತಕವೂ ಮೊಬೈಲಿನೊಳಗೆ ಹೊಕ್ಕವು. ಗುಡ್ಡಗಳ ನಡುವಿನ ನಮ್ಮೂರುಗಳಲ್ಲಿ ಸಂಕೇತ ಸಿಗುವ ಜಾಗವನ್ನು ಹುಡುಕಿಕೊಂಡು ಮಕ್ಕಳು ಗುಡ್ಡ ಹತ್ತಿದರು, ರಸ್ತೆಯ ಬದಿಯಲ್ಲಿ ಕುಳಿತರು. ೨೦೨೧ರ ಜೂನ್ ತಿಂಗಳಲ್ಲಿ ಸುಳ್ಯ ತಾಲ್ಲೂಕಿನ ಗುತ್ತಿಗಾರು ಗ್ರಾಮದ ಬಳ್ಳಕ್ಕದಲ್ಲಿ, ಸುರಿಯುವ ಮಳೆಯಲ್ಲಿ ರಸ್ತೆಯ ಬದಿ ಕುಳಿತು ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರ ದೇಶದ ಪತ್ರಿಕೆಗಳಲ್ಲೆಲ್ಲ ಬಂದುದು ನಿಮಗೆ ನೆನಪಿರಬಹುದು. ಅವಳು ಹತ್ತನೆಯ ತರಗತಿಯ ಹುಡುಗಿ. ಕಾಲೇಜಿನ ಮಕ್ಕಳ ಸ್ಥಿತಿಯೂ ಬೇರೆಯಾಗಿರಲಿಲ್ಲ. ಅದೇ ಜೂನಿನಲ್ಲಿ ರಾಜ್ಯ ಸರಕಾರ ಸರಕಾರಿ ಕಾಲೇಜುಗಳ ಸುಮಾರು ಒಂದೂವರೆ ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್‌ಗಳನ್ನು ಹಂಚತೊಡಗಿತು. ಉಪಕರಣ ಕೈಗೆ ಬಂತು. ಅದರೊಳಗೆ ಓದಲು ಏನಿದೆ ಎಂಬುದು ಬೇರೆಯ ಪ್ರಶ್ನೆ.

ಕಾಲೇಜುಗಳು ತೆರೆದ ಮೇಲೆ ನಾನು ಕಂಡದ್ದೊಂದು ವಿಚಿತ್ರ. ಅಧ್ಯಾಪಕರು ಪಾಠವನ್ನು ಪಿ.ಡಿ.ಎಫ್. ಮಾಡಿ ವಾಟ್ಸಾಪಿನಲ್ಲಿ ಕಳುಹಿಸುತ್ತಾರೆ, ಖರ್ಚಿಲ್ಲ, ಕಾಯುವುದಿಲ್ಲ. ವಿದ್ಯಾರ್ಥಿ ಅದನ್ನೇನು ಮಾಡುತ್ತಾನೆ? ಕಾಲೇಜಿನ ಎದುರಿನ ಝೆರಾಕ್ಸ್ ಅಂಗಡಿಗೆ ಹೋಗಿ, ಪುಟಕ್ಕಿಷ್ಟೆಂದು ಹಣ ತೆತ್ತು, ಕಾಗದದ ಮೇಲೆ ಅಚ್ಚು ತೆಗೆಸಿ, ಸುರುಳಿ ತಂತಿ ಹಾಕಿಸಿಕೊಂಡು ಮನೆಗೆ ಒಯ್ಯುತ್ತಾನೆ. ಪರೀಕ್ಷೆಯ ಹಿಂದಿನ ವಾರ ಆ ಅಂಗಡಿಗಳ ಮುಂದೆ ನಿಲ್ಲುವ ಸಾಲನ್ನು ನೋಡಿದವರಿಗೆ ವಿದ್ಯಾರ್ಥಿಗಳ ಅಭಿಪ್ರಾಯವನ್ನು ಬೇರೆ ಕೇಳಬೇಕಾಗಿಲ್ಲ. ಪುಕ್ಕಟೆಯಾಗಿ ಬಂದ ಪಠ್ಯವನ್ನು ದುಡ್ಡು ಕೊಟ್ಟು ಕಾಗದಕ್ಕೆ ಇಳಿಸಿಕೊಳ್ಳುವವರನ್ನು ಪುಸ್ತಕದ ದ್ವೇಷಿಗಳೆಂದು ಕರೆಯುವುದು ಹೇಗೆ?

ನಿವೃತ್ತಿಯ ಅನಂತರ ಉಪನ್ಯಾಸಕ್ಕೆಂದು ಹೋದ ಕಾಲೇಜುಗಳಲ್ಲಿ ಈ ವಿಷಯ ಎತ್ತಿದಾಗ ವಿದ್ಯಾರ್ಥಿಗಳು ಹೇಳಿದ್ದು ಹೆಚ್ಚುಕಡಮೆ ಒಂದೇ. ‘ಹುಡುಕಲಿಕ್ಕೆ ಮೊಬೈಲು, ಓದಲಿಕ್ಕೆ ಪುಸ್ತಕ ಸರ್.’ ಕಡಬದ ಕಡೆಯ ಒಬ್ಬ ಹುಡುಗಿ ಹೇಳಿದಳು: ‘ಬಸ್ಸಿನಲ್ಲಿ ನಿಂತು ಓದಲು ಮೊಬೈಲೇ ಒಳ್ಳೆಯದು. ಆದರೆ ಅದರಲ್ಲಿ ಓದಿದ್ದು ಎಲ್ಲಿತ್ತು ಅಂತ ನೆನಪಾಗುವುದಿಲ್ಲ. ಪುಸ್ತಕದಲ್ಲಾದರೆ ಎಡಗಡೆ ಪುಟದ ಕೆಳಗೆ ಇತ್ತು ಅಂತ ಕಣ್ಣಿಗೆ ಕಟ್ಟುತ್ತದೆ.’ ಇನ್ನೊಬ್ಬ, ‘ಓದುವಾಗ ಮಧ್ಯೆ ಮಧ್ಯೆ ಸಂದೇಶ ಬರುತ್ತದೆ; ನೋಡಬಾರದು ಅಂತ ಗೊತ್ತು, ನೋಡದೆ ಇರಲು ಆಗುವುದಿಲ್ಲ’ ಎಂದ. ಬೇರೊಬ್ಬಳು ನನ್ನನ್ನು ತಿದ್ದಿದಳು: ‘ನಮ್ಮಲ್ಲಿ ಗ್ರಂಥಾಲಯ ಐದು ಗಂಟೆಗೆ ಮುಚ್ಚುತ್ತದೆ ಸರ್. ನನಗೆ ಕೊನೆಯ ಬಸ್ಸು ನಾಲ್ಕೂವರೆಗೆ. ಮೊಬೈಲು ಇಲ್ಲದಿದ್ದರೆ ಆಕರಗ್ರಂಥ ಎಂದರೇನೆಂದೇ ನನಗೆ ಗೊತ್ತಾಗುತ್ತಿರಲಿಲ್ಲ.’ ಇದು ವ್ಯಾಮೋಹವೂ ಅಲ್ಲ, ತಿರಸ್ಕಾರವೂ ಅಲ್ಲ. ಇದ್ದುದರಲ್ಲಿ ಯಾವುದು ಯಾವುದಕ್ಕೆ ಒದಗುತ್ತದೆಂಬ ತೂಕದ ಮಾತು.

ಈ ತೂಕ ನಮ್ಮೂರಿಗಷ್ಟೇ ಸೇರಿದ್ದಲ್ಲ. ಅಮೆರಿಕದ ಭಾಷಾವಿಜ್ಞಾನಿ ನವೋಮಿ ಬ್ಯಾರನ್ ಎಂಬಾಕೆ ಹಲವು ದೇಶಗಳ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ಕೇಳಿ ೨೦೧೫ರಲ್ಲಿ ಒಂದು ಪುಸ್ತಕ ಬರೆದರು. ಮನಸ್ಸು ನಿಲ್ಲುವುದು ಅಚ್ಚಿನ ಪುಸ್ತಕದಲ್ಲೇ ಎಂದವರು ನೂರಕ್ಕೆ ತೊಂಬತ್ತಕ್ಕೂ ಹೆಚ್ಚು. ೨೦೧೮ರಲ್ಲಿ ಪ್ರಕಟವಾದ ಮತ್ತೊಂದು ವಿಮರ್ಶೆ ೫೪ ಅಧ್ಯಯನಗಳನ್ನು, ೧,೭೧,೦೦೦ಕ್ಕೂ ಮಿಕ್ಕ ಓದುಗರ ಫಲಿತಾಂಶಗಳನ್ನು ಒಟ್ಟಿಗಿಟ್ಟು ನೋಡಿತು. ತಿಳಿವಳಿಕೆಯ ಬರಹವನ್ನು ಕಾಗದದಲ್ಲಿ ಓದಿದವರು ಹೆಚ್ಚು ಗ್ರಹಿಸುತ್ತಾರೆ, ಸಮಯದ ಒತ್ತಡವಿದ್ದಾಗ ಈ ಅಂತರ ಇನ್ನೂ ಹೆಚ್ಚುತ್ತದೆ, ಕಥನದ ಬರಹವೊಂದನ್ನೇ ನೋಡಿದರೆ ಅಂತರ ಕಾಣುವುದಿಲ್ಲ ಎಂಬುದು ಅದರ ತಾತ್ಪರ್ಯ. ಹರಟೆಗೂ ಕಥೆಗೂ ಮೊಬೈಲು ಸಾಕು, ಕಷ್ಟದ ಪಾಠಕ್ಕೆ ಸಾಲದು ಎಂದು ನಮ್ಮ ಮಕ್ಕಳು ಹೇಳಿದ್ದಕ್ಕೂ ಇದಕ್ಕೂ ಬಹಳ ದೂರವಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ‘ನೋಡಿ, ಪುಸ್ತಕವೇ ಶ್ರೇಷ್ಠ’ ಎಂದು ನನ್ನ ತಲೆಮಾರು ಬೀಗಬಹುದು. ಆದರೆ ವಿದ್ಯುನ್ಮಾನ ಪಠ್ಯವೆಂಬ ಹೆಸರಿನಲ್ಲಿ ಕನ್ನಡ ವಿದ್ಯಾರ್ಥಿಗೆ ನಾವು ಕೊಟ್ಟದ್ದೇನು ಎಂಬುದನ್ನು ನೋಡದೆ ಅವನ ಅಭಿರುಚಿಯನ್ನು ಅಳೆಯುವುದು ನ್ಯಾಯವಲ್ಲ. ಅವನಿಗೆ ಸಿಕ್ಕಿದ್ದು ಪಠ್ಯವಲ್ಲ, ಪಠ್ಯದ ಚಿತ್ರ. ಐದೂವರೆ ಅಂಗುಲ ಅಗಲದ ಅಚ್ಚಿನ ಪುಟವನ್ನು ಮೂರಂಗುಲವೂ ಇಲ್ಲದ ಗಾಜಿನ ಮೇಲೆ ಕೂರಿಸಿದರೆ ಅಕ್ಷರ ಅರ್ಧಕ್ಕಿಳಿಯುತ್ತದೆ. ಇಂಗ್ಲಿಷ್ ಅಕ್ಷರ ಹಾಗೂ ಹೀಗೂ ಬದುಕೀತು. ಕೊಂಬು, ದೀರ್ಘ, ಒತ್ತಕ್ಷರಗಳನ್ನು ಹೊತ್ತ ಕನ್ನಡದ ಅಕ್ಷರ ಬದುಕಲಾರದು. ಹಿಗ್ಗಿಸಿದರೆ ಸಾಲಿನ ಅರ್ಧ ಮಾತ್ರ ಕಾಣುತ್ತದೆ. ಬೆರಳಿನಿಂದ ಆಚೆಗೆಳೆದು ಸಾಲಿನ ಕೊನೆಯನ್ನು ಓದಿ, ಈಚೆಗೆಳೆದು ಮುಂದಿನ ಸಾಲಿನ ಮೊದಲನ್ನು ಹುಡುಕಬೇಕು.

ಗದ್ಯದಲ್ಲಿ ಇದು ತೊಂದರೆ. ಪದ್ಯದಲ್ಲಿ ಇದು ನಾಶ. ನಮ್ಮ ಹಳೆಯ ಕಾವ್ಯದಲ್ಲಿ ಪಾದಪಾದದ ಎರಡನೆಯ ಅಕ್ಷರ ಪ್ರಾಸವಾಗಿ ನಿಲ್ಲುವುದು ತಮಗೆ ತಿಳಿದೇ ಇದೆ. ಅಚ್ಚಿನ ಪುಟದಲ್ಲಿ ಅದು ಕಂಬದಂತೆ ಒಂದರ ಕೆಳಗೊಂದು ಕಣ್ಣಿಗೆ ಕಾಣುತ್ತದೆ. ಕಂದವನ್ನೋ ಷಟ್ಪದಿಯನ್ನೋ ಮೊದಲ ಬಾರಿ ಕಾಣುವ ಹುಡುಗನಿಗೆ ಛಂದಸ್ಸಿನ ಮೊದಲ ಪಾಠ ಅಲ್ಲಿಯೇ ಆಗುತ್ತದೆ. ಭಾಮಿನಿಯ ಮೂರನೆಯ, ಆರನೆಯ ಸಾಲುಗಳು ಉದ್ದವೆಂಬುದನ್ನು ಎಣಿಸದೆಯೇ ಕಣ್ಣು ಕಲಿಯುತ್ತದೆ. ಮೊಬೈಲಿನಲ್ಲಿ ಹಿಗ್ಗಿಸಿದ ಚಿತ್ರದಲ್ಲಿ ಆ ಕಂಬ ಪರದೆಯ ಹೊರಗೆ ಹೋಗುತ್ತದೆ. ಅದನ್ನೇ ಬೆರಳಚ್ಚು ಮಾಡಿ ಸಂದೇಶವಾಗಿ ಕಳುಹಿಸಿದರೆ ಸಾಲು ಎಲ್ಲೆಂದರಲ್ಲಿ ಮುರಿದು ಷಟ್ಪದಿ ಹತ್ತು ಸಾಲಾಗುತ್ತದೆ. ಹೀಗೆ ಮುರಿದ ಪದ್ಯವನ್ನು ಓದಿದ ವಿದ್ಯಾರ್ಥಿ ಹಳಗನ್ನಡ ರುಚಿಸದೆಂದರೆ ನಾವು ಯಾರನ್ನು ದೂರಬೇಕು?

ಇನ್ನೊಂದು ಸಂಕಟವಿದೆ. ನಮ್ಮ ಪಠ್ಯಗಳಲ್ಲಿ ಅನೇಕವು ಗಣಕದಲ್ಲಿ ಹಳೆಯ ಅಕ್ಷರ ವಿನ್ಯಾಸಗಳಲ್ಲಿ ಜೋಡಿಸಿದಂಥವು. ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರಕ್ಕೆ ಅವು ಕನ್ನಡವಲ್ಲ. ಒಂದು ಸಾಲನ್ನು ಎತ್ತಿ ಬೇರೆಡೆ ಇಟ್ಟರೆ ಅರ್ಥವಿಲ್ಲದ ಗುರುತುಗಳ ರಾಶಿಯಾಗುತ್ತದೆ. ಒಂದು ಪದವನ್ನು ಹುಡುಕಿದರೆ ಸಿಗುವುದಿಲ್ಲ. ಯೂನಿಕೋಡ್ ಎಂಬ ಸಾರ್ವತ್ರಿಕ ಅಕ್ಷರಸಂಹಿತೆ ೧೯೯೧ರಲ್ಲಿ ಹೊರಬಂದಾಗಲೇ ಅದರಲ್ಲಿ ಕನ್ನಡಕ್ಕೆ ಸ್ಥಾನ ದೊರೆತಿತ್ತು. ಮೂರು ದಶಕಗಳಾದ ಮೇಲೂ ನಮ್ಮ ಪಠ್ಯಗಳು ಪೂರ್ತಿಯಾಗಿ ಆ ಮನೆಯನ್ನು ಹೊಕ್ಕಿಲ್ಲ. ಇದರ ಪೆಟ್ಟು ಎಲ್ಲರಿಗಿಂತ ಹೆಚ್ಚಾಗಿ ತಗಲುವುದು ಕಣ್ಣಿಲ್ಲದ ವಿದ್ಯಾರ್ಥಿಗೆ. ಬರಹವನ್ನು ಓದಿ ಹೇಳುವ ತಂತ್ರಾಂಶ ಅವನ ಮೊಬೈಲಿನಲ್ಲಿದೆ; ಆದರೆ ಚಿತ್ರವನ್ನೂ ಹಳೆಯ ವಿನ್ಯಾಸವನ್ನೂ ಅದು ಸರಿಯಾಗಿ ಓದಲಾರದು. ವಿದ್ಯುನ್ಮಾನ ಪುಸ್ತಕದಿಂದ ಯಾರಿಗೆ ಎಲ್ಲರಿಗಿಂತ ಹೆಚ್ಚು ಉಪಕಾರವಾಗಬೇಕಿತ್ತೋ ಅವನೇ ಬಾಗಿಲ ಹೊರಗೆ ನಿಲ್ಲುತ್ತಾನೆ.

ಉತ್ತಮ ಪ್ರಯತ್ನಗಳೇ ಇಲ್ಲವೆಂದಲ್ಲ. ಕಾಲೇಜುಗಳಿಗಾಗಿ ೨೦೧೦ರಲ್ಲಿ ಆರಂಭವಾದ ಎನ್-ಲಿಸ್ಟ್ ಎಂಬ ವ್ಯವಸ್ಥೆಯಿದೆ, ಖರಗಪುರದ ಐ.ಐ.ಟಿ. ಕಟ್ಟಿದ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ ೨೦೧೮ರಲ್ಲಿ ದೇಶಕ್ಕೆ ಸಮರ್ಪಿತವಾಯಿತು. ಆದರೆ ಅಲ್ಲಿನ ಸಂಪತ್ತಿನಲ್ಲಿ ಬಹುಪಾಲು ಇಂಗ್ಲಿಷಿನದು. ಕನ್ನಡದಲ್ಲಿ ಉತ್ಸಾಹಿಗಳು ವಚನಗಳನ್ನೂ ದಾಸರ ಪದಗಳನ್ನೂ ಹುಡುಕಲು ಬರುವಂತೆ ಅಂತರಜಾಲದಲ್ಲಿ ಇರಿಸಿದ್ದಾರೆ. ನಮ್ಮ ಕರಾವಳಿಯಲ್ಲಿ ಯಕ್ಷಗಾನ ಪ್ರಸಂಗಗಳನ್ನು ಹವ್ಯಾಸಿಗಳೇ ಕೂಡಿಹಾಕಿ ಎಲ್ಲರಿಗೂ ದೊರಕಿಸಿದ್ದಾರೆ. ಈಗ ಕೆಲವು ಭಾಗವತರು ಪ್ರಸಂಗದ ಪುಸ್ತಕದ ಬದಲು ಮುಂದೆ ಪರದೆಯನ್ನಿರಿಸಿಕೊಂಡು ಹಾಡುವುದನ್ನು ನಾನೇ ಕಂಡಿದ್ದೇನೆ. ಅವರಿಗೆ ಅದು ಒಗ್ಗಿತು. ಏಕೆಂದರೆ ಪದ್ಯ ಅವರಿಗೆ ಮೊದಲೇ ಬಾಯಲ್ಲಿದೆ, ಪರದೆ ನೆನಪಿಗಷ್ಟೇ. ಹೊಸದಾಗಿ ಕಲಿಯುವವನ ಪಾಡು ಹಾಗಲ್ಲ.

ಕಲಿಯುವವನಿಗಾಗಿ ಪುಸ್ತಕ ಮಾಡುವುದು ಎಂದರೇನೆಂದು ತಿಳಿಯಲು ಪುತ್ತೂರಿನವರು ದೂರ ಹೋಗಬೇಕಾಗಿಲ್ಲ. ಶಿವರಾಮ ಕಾರಂತರು ಬಾಳಿನ ಬಹುಭಾಗವನ್ನು ಇಲ್ಲಿನ ಬಾಲವನದಲ್ಲಿ ಕಳೆದರು. ೧೯೩೬ರಲ್ಲಿ ಅವರು ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ಹೊರತಂದರು; ಮುಂದೆ ೧೯೫೯ರಿಂದ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನು ಕೊಟ್ಟರು. ಇಂಗ್ಲಿಷಿನ ವಿಶ್ವಕೋಶದ ಪುಟಗಳನ್ನು ಹಾಗೆಯೇ ಎತ್ತಿ ಕನ್ನಡಕ್ಕಿಟ್ಟಿದ್ದರೆ ಅವರ ಕೆಲಸ ಬೇಗ ಮುಗಿಯುತ್ತಿತ್ತು. ಅವರು ಹಾಗೆ ಮಾಡದೆ, ಕನ್ನಡದ ಮಗುವಿನ ಕಣ್ಣನ್ನೂ ತಿಳಿವನ್ನೂ ಎದುರಿಗಿಟ್ಟುಕೊಂಡು, ಎಲ್ಲವನ್ನೂ ಚಿತ್ರಗಳೊಡನೆ ಮೊದಲಿನಿಂದ ಬರೆದರು. ಒಂದು ಮಾಧ್ಯಮದಿಂದ ಇನ್ನೊಂದಕ್ಕೆ, ಒಬ್ಬ ಓದುಗನಿಂದ ಇನ್ನೊಬ್ಬನಿಗೆ ವಿದ್ಯೆಯನ್ನು ದಾಟಿಸುವಾಗ ಪುಸ್ತಕವನ್ನು ಮರಳಿ ಕಟ್ಟಬೇಕು. ಆ ಶ್ರಮವನ್ನು ನಾವು ವಹಿಸಿಲ್ಲ.

ದೊಡ್ಡ ದೇಶಗಳೂ ಇಲ್ಲಿ ಎಡವಿವೆ. ಶಾಲೆಗಳಲ್ಲಿ ಪರದೆಯನ್ನು ಬಹಳ ಮುಂಚೆಯೇ ತಂದಿದ್ದ ಸ್ವೀಡನ್, ೨೦೨೩ರಲ್ಲಿ ಅಚ್ಚಿನ ಪಠ್ಯಪುಸ್ತಕಗಳನ್ನು ಕೊಳ್ಳಲು ಪ್ರತ್ಯೇಕ ಹಣವನ್ನು ಎತ್ತಿಟ್ಟಿತು. ದಕ್ಷಿಣ ಕೊರಿಯಾ ೨೦೨೫ರ ಮಾರ್ಚಿನಲ್ಲಿ ಕೃತಕ ಬುದ್ಧಿಯ ಡಿಜಿಟಲ್ ಪಠ್ಯಗಳನ್ನು ಶಾಲೆಗೆ ತಂದು, ಅದೇ ಆಗಸ್ಟಿನಲ್ಲಿ ಅವುಗಳಿಗೆ ಪಠ್ಯಪುಸ್ತಕದ ಸ್ಥಾನವನ್ನು ತಪ್ಪಿಸಿ ಪೂರಕ ಸಾಮಗ್ರಿಯೆಂದು ಸಾರಿತು. ಇದರಿಂದ ನಾವು ಕಲಿಯಬೇಕಾದದ್ದು ಯಂತ್ರದ್ವೇಷವನ್ನಲ್ಲ. ಓದುವವನನ್ನು ಕೇಳದೆ ಓಡಬಾರದೆಂಬುದನ್ನು.

ಹಾಗಾದರೆ ಏನು ಮಾಡಬೇಕು? ನನಗೆ ತೋರುವುದು ಅತಿ ಸಾಮಾನ್ಯವಾದ ಮೂರು ನಾಲ್ಕು ಮಾತುಗಳು. ಪದವಿಯ ಪ್ರತಿಯೊಂದು ಕನ್ನಡ ಪಠ್ಯವೂ ಯೂನಿಕೋಡಿನಲ್ಲಿ, ಪರದೆಯ ಅಗಲಕ್ಕೆ ತಾನೇ ಹೊಂದಿಕೊಳ್ಳುವಂತೆ, ಆದರೆ ಪದ್ಯದ ಸಾಲು ಮುರಿಯದಂತೆ ಸಿದ್ಧವಾಗಬೇಕು. ಹಳಗನ್ನಡದ ಪದವನ್ನು ಮುಟ್ಟಿದರೆ ಅದರ ಅರ್ಥ, ಸಂಧಿಯನ್ನು ಮುಟ್ಟಿದರೆ ಪದವಿಭಾಗ ಕಾಣಬೇಕು; ಪಕ್ಕದಲ್ಲಿ ಒಬ್ಬ ಒಳ್ಳೆಯ ಗಮಕಿಯ ಧ್ವನಿ ಇರಬೇಕು. ಇದು ಕಾಗದದ ಪುಸ್ತಕಕ್ಕೆ ಸಾಧ್ಯವಿಲ್ಲದ ಉಪಕಾರ; ಇಂಥದ್ದಿದ್ದರೆ ಮನೆಯಲ್ಲಿ ಕನ್ನಡವಾಡದ ಹುಡುಗಿಯೂ ಕಾವ್ಯದ ನಡೆಯನ್ನು ಕಿವಿಯಿಂದ ಕಲಿತಾಳು. ಒಮ್ಮೆ ಇಳಿಸಿಕೊಂಡರೆ ಸಂಕೇತವಿಲ್ಲದ ಮನೆಯಲ್ಲಿಯೂ ಅದು ತೆರೆದುಕೊಳ್ಳಬೇಕು. ಮಳೆಗಾಲದಲ್ಲಿ ಸಂಕೇತ ಹೋಗುವುದೂ ವಿದ್ಯುತ್ತು ಹೋಗುವುದೂ ಒಟ್ಟಿಗೇ ಎಂಬುದು ಇಲ್ಲಿನವರಿಗೆಲ್ಲ ಗೊತ್ತು. ಹಾಗೆಂದು ಅಚ್ಚಿನ ಪುಸ್ತಕವನ್ನು ನಿಲ್ಲಿಸತಕ್ಕದ್ದಲ್ಲ. ಕಾಲೇಜಿನ ಗ್ರಂಥಾಲಯದಲ್ಲಿ ಕೊಳ್ಳಲಾರದವರಿಗಾಗಿ ವರ್ಷವಿಡೀ ಎರವಲು ಕೊಡುವ ಪ್ರತಿಗಳಿರಬೇಕು. ಇನ್ನು ಅಧ್ಯಾಪಕರಾದವರು ಪರದೆಯ ಮೇಲೆ ಓದುವುದನ್ನೂ ಒಂದು ವಿದ್ಯೆಯೆಂದು ತಿಳಿದು ಕಲಿಸಬೇಕು—ಸಂದೇಶಗಳ ಸದ್ದನ್ನು ಅಡಗಿಸಿ, ಬದಿಯಲ್ಲಿ ಟಿಪ್ಪಣಿಯ ಪುಸ್ತಕವಿರಿಸಿ, ಓದಿದ್ದನ್ನು ಕೈಯಿಂದ ಬರೆದುಕೊಳ್ಳುವ ಶಿಸ್ತನ್ನು.

ಇವಾವುವೂ ಅಸಾಧ್ಯವಾದುವಲ್ಲ. ಇವುಗಳಿಗೆ ಬೇಕಾದದ್ದು ಹಣಕ್ಕಿಂತ ಹೆಚ್ಚಾಗಿ, ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕುಳಿತವನು ಏನನ್ನು ನೋಡುತ್ತಿದ್ದಾನೆಂದು ಬಗ್ಗಿ ನೋಡುವ ತಾಳ್ಮೆ.

ಆ ಹುಡುಗ ಆಡಿದ ಮಾತಿನಂತೆ ಮಳೆ ಬಿಟ್ಟ ಮೇಲೆ ಪುಸ್ತಕ ಕೊಂಡ. ಪದವಿ ಮುಗಿಸಿ, ಕನ್ನಡ ಎಂ.ಎ. ಮಾಡಿ, ಈಗ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಅಧ್ಯಾಪಕನಾಗಿದ್ದಾನೆ. ಕಳೆದ ವರ್ಷ ಭೇಟಿಯಾದಾಗ, ‘ನಿನ್ನ ತರಗತಿಯಲ್ಲಿ ಮೊಬೈಲಿಗೆ ಅಪ್ಪಣೆಯುಂಟೆ?’ ಎಂದು ನಗುತ್ತ ಕೇಳಿದೆ. ‘ಇಲ್ಲ ಸರ್, ಅವರು ಚಿಕ್ಕ ಮಕ್ಕಳು. ಆದರೆ ಪುಸ್ತಕ ಯಾರ ಹತ್ತಿರ ಇಲ್ಲ ಅಂತ ಮೊದಲ ವಾರವೇ ಕೇಳಿ ಬರೆದಿಟ್ಟುಕೊಳ್ಳುತ್ತೇನೆ’ ಎಂದ. ನಾನು ಅವನಿಗೆ ಕಲಿಸಿದ ಹಳಗನ್ನಡ ಅವನಿಗೆಷ್ಟು ನೆನಪಿದೆಯೋ ತಿಳಿಯದು. ಕಲಿಸದೆ ಇದ್ದ ಈ ಪಾಠವನ್ನು ಅವನು ನನಗಿಂತ ಚೆನ್ನಾಗಿ ಕಲಿತಿದ್ದಾನೆ.